ಯಜಮಾನರ ಮೂತ್ರದ ತೊಂದರೆಗೆ ಡಬ್ಬಿಯ ಪುಡಿ ಸಾಕೇ?

ರಾತ್ರಿ ಮೂರು ನಾಲ್ಕು ಸಲ ಬಚ್ಚಲಮನೆಯ ಚಿಲಕದ ಸದ್ದು. ಹೋದವರು ಬೇಗ ಹಿಂದಿರುಗುವುದೂ ಇಲ್ಲ. ಕೇಳಿದರೆ "ಏನಿಲ್ಲ, ನೀನು ಮಲಕ್ಕೋ" ಅಂತಾರೆ. ಐವತ್ತು ದಾಟಿದ ಗಂಡಸರಿರುವ ಎಷ್ಟೋ ಮನೆಗಳಲ್ಲಿ ಹೀಗೇ. ನಾಚಿಕೆಯ ವಿಷಯದಲ್ಲಿ ಗಂಡಸರು ನಮಗಿಂತ ಒಂದು ಕೈ ಮೇಲು! ಡಾಕ್ಟರ ಮುಂದೆ ಬಾಯಿ ಬಿಡುವುದಕ್ಕಿಂತ ಜಾಹೀರಾತಿನ ಪುಡಿಯೇ ವಾಸಿ ಅನ್ನಿಸುತ್ತೆ ಅವರಿಗೆ. ಆದರೆ ಅದನ್ನು ತರಿಸಿ, ಬಿಸಿನೀರಿನಲ್ಲಿ ಕದಡಿ ಕೊಡುವವರು ನಾವಲ್ಲವೇ?

ಪ್ರಾಸ್ಟೇಟ್ ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುತ್ತದೆ. ಪ್ರಾಯದಲ್ಲಿ ಅಕ್ರೋಟಿನ ಗಾತ್ರ. ವಯಸ್ಸಾದಂತೆ ದೊಡ್ಡದಾಗಿ ನಾಳವನ್ನು ಅದುಮುತ್ತದೆ. ಧಾರೆ ಸಣ್ಣದಾಗುತ್ತೆ, ಪೂರ್ತಿ ಖಾಲಿಯಾದಂತೆ ಅನ್ನಿಸುವುದಿಲ್ಲ. ಅರವತ್ತರ ಹೊತ್ತಿಗೆ ಸುಮಾರು ಅರ್ಧದಷ್ಟು ಗಂಡಸರಲ್ಲಿ ಈ ಬೆಳವಣಿಗೆ ಶುರುವಾಗಿರುತ್ತದೆ. ಇದು ಕ್ಯಾನ್ಸರ್ ಅಲ್ಲ, ಗಾಬರಿ ಬೇಡ.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬಂದಾಗ ತರುವ ಡಬ್ಬಿಗಳಲ್ಲಿ 'ಸಾ ಪಾಲ್ಮೆಟೊ' ಎಂಬುದೊಂದು. ಫ್ಲಾರಿಡಾ ಕಡೆ ಬೆಳೆಯುವ ಕುಳ್ಳು ತಾಳೆ ಜಾತಿಯ ಗಿಡದ ಹಣ್ಣಿನ ಸಾರ. ಅಲ್ಲಿಯ ವೈದ್ಯರೇ ಇದನ್ನು ಒರೆಗೆ ಹಚ್ಚಿದರು. 225 ಜನರಲ್ಲಿ ಅರ್ಧ ಜನಕ್ಕೆ ಇದು, ಉಳಿದವರಿಗೆ ಔಷಧವೇ ಇಲ್ಲದ ಗುಳಿಗೆ, ಒಂದು ವರ್ಷ. 2006ರಲ್ಲಿ ಫಲಿತಾಂಶ ಬಂತು: ವ್ಯತ್ಯಾಸವೇ ಇಲ್ಲ! ಪ್ರಮಾಣ ಸಾಲದೇನೋ ಎಂದು ಮತ್ತೆ 369 ಜನರಲ್ಲಿ ಮೂರು ಪಟ್ಟಿನವರೆಗೂ ಏರಿಸಿ ನೋಡಿದರು. 2011ರಲ್ಲೂ ಅದೇ ಉತ್ತರ. ತಮಾಷೆ ಏನೆಂದರೆ, ಸುಳ್ಳು ಗುಳಿಗೆ ನುಂಗಿದವರೂ ಸ್ವಲ್ಪ ವಾಸಿ ಅಂದರು. "ಪಕ್ಕದ ಮನೆಯವರಿಗೆ ಗುಣ ಆಯ್ತಂತೆ" ಅನ್ನುವ ಮಾತಿನ ಗುಟ್ಟು ಇಲ್ಲೇ ಇದೆ.

ಹಾಗಾದರೆ ವಿಟಮಿನ್ ಗುಳಿಗೆ? 35 ಸಾವಿರಕ್ಕೂ ಹೆಚ್ಚು ಗಂಡಸರಿಗೆ ವಿಟಮಿನ್ ಇ, ಸೆಲೆನಿಯಂ ಕೊಟ್ಟು ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಬಹುದೇ ಎಂದು ನೋಡಿದರು. ಲಾಭ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. 2011ರಲ್ಲಿ ತಿಳಿದದ್ದು ಇನ್ನೂ ಕೆಟ್ಟ ಸುದ್ದಿ. ದಿನಾ 400 ಯೂನಿಟ್ ವಿಟಮಿನ್ ಇ ತಿಂದವರಲ್ಲಿ ಆ ಕ್ಯಾನ್ಸರ್ ಶೇಕಡಾ 17ರಷ್ಟು ಹೆಚ್ಚಾಗಿತ್ತು. ಶಕ್ತಿಗೆ ಅಂತ ಸುಮ್ಮನೆ ನುಂಗಿಸುವ ಮುಂಚೆ ಇದನ್ನು ನೆನೆಯಿರಿ.

ನಮ್ಮ ನೆಗ್ಗಿಲು ಮುಳ್ಳು, ಅಂದರೆ ಗೋಕ್ಷುರ, ಆಯುರ್ವೇದದಲ್ಲಿ ಮೂತ್ರದ ತೊಂದರೆಗೆ ಹೇಳಿದ ಮೂಲಿಕೆ. ಕೊಡುವುದಾದರೆ ಪರೀಕ್ಷೆ ಆದ ಮೇಲೆ, ವೈದ್ಯರಿಗೆ ತಿಳಿಸಿಯೇ ಕೊಡಿ. ಟೊಮೆಟೊ ಸಾರು ಧಾರಾಳವಾಗಿ ಮಾಡಿ. ಸಿಹಿಗುಂಬಳದ ಬೀಜ ಎಸೆಯದೆ ಒಣಗಿಸಿ, ತುಪ್ಪದಲ್ಲಿ ಉಪ್ಪುಖಾರ ಹಾಕಿ ಹುರಿಯಿರಿ. ತಿನ್ನೋಕೆ ಬಲು ರುಚಿ. ಔಷಧ ಅಂತ ಮಾತ್ರ ನಂಬಬೇಡಿ.

ಸಂಜೆ ಮೇಲೆ ಕಾಫಿ, ನೀರು ಕಡಿಮೆ ಮಾಡಿದರೆ ರಾತ್ರಿ ಏಳುವುದು ತಗ್ಗುತ್ತದೆ. ಹಗಲು ನೀರು ಬಿಡಿಸಬೇಡಿ. ಮಲಬದ್ಧತೆ ಆಗದಂತೆ ಸೊಪ್ಪು, ಹಣ್ಣು ಇರಲಿ. ಅಂಗಡಿಯ ನೆಗಡಿ ಮಾತ್ರೆಯ ಬಗ್ಗೆ ಎಚ್ಚರ. ಕೆಲವು ಮಾತ್ರೆಗಳಿಂದ ಮೂತ್ರ ಪೂರ್ತಿ ಕಟ್ಟಿಬಿಡಬಹುದು. ಕಟ್ಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಓಡಿ. ರಕ್ತ ಕಂಡರೆ, ಚಳಿಜ್ವರ ಬಂದರೆ, ಬಿಡದ ಬೆನ್ನುಮೂಳೆ ನೋವಿದ್ದರೆ ಪುಡಿ ಕದಡುತ್ತಾ ಕೂರಬೇಡಿ. ಸಕ್ಕರೆ ಕಾಯಿಲೆಯಿಂದಲೂ ಪದೇ ಪದೇ ಹೋಗಬೇಕಾಗುತ್ತದೆ. ಮೂತ್ರ, ಸಕ್ಕರೆ ಪರೀಕ್ಷೆ ಮಾಡಿಸಿ. ಪಿಎಸ್‌ಎ ಎಂಬ ರಕ್ತಪರೀಕ್ಷೆ ಬೇಕೇ ಎಂದೂ ಡಾಕ್ಟರನ್ನು ಕೇಳಿ.

ಡಾಕ್ಟರು ಕೊಡುವ ಮಾತ್ರೆಗಳಲ್ಲಿ ಟ್ಯಾಮ್‌ಸುಲೋಸಿನ್ ಕೆಲವೇ ದಿನಗಳಲ್ಲಿ ಹಿತ ಕೊಡುತ್ತದೆ. ಆದರೆ ತಟ್ಟನೆ ಎದ್ದರೆ ತಲೆ ಸುತ್ತಬಹುದು, ಹಾಸಿಗೆಯ ಅಂಚಿನಲ್ಲಿ ಸ್ವಲ್ಪ ಕೂತು ಏಳಲಿ. ಫಿನಾಸ್ಟರೈಡ್ ಗ್ರಂಥಿಯನ್ನೇ ಕುಗ್ಗಿಸುತ್ತದೆ, ಆರು ತಿಂಗಳಾದರೂ ಬೇಕು. ಮನೆಯಲ್ಲಿ ಬಸುರಿ ಮಗಳೋ ಸೊಸೆಯೋ ಇದ್ದರೆ, ಮಾವನವರಿಗೆ ನುಂಗಲು ಕಷ್ಟ ಅಂತ ಈ ಮಾತ್ರೆಯನ್ನು ಅವಳ ಕೈಲಿ ಪುಡಿ ಮಾಡಿಸಬೇಡಿ. ಒಡೆದ ಮಾತ್ರೆಯನ್ನು ಅವಳು ಮುಟ್ಟಲೂ ಬಾರದು. ಹೊಟ್ಟೆಯಲ್ಲಿರುವುದು ಗಂಡುಮಗುವಾದರೆ ಅದಕ್ಕೆ ತೊಂದರೆಯಾಗಬಹುದು.