ಗಡ್ಡಕ್ಕೆ ತಕ್ಕ ಬ್ರಷ್ಷು

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕೆನ್ನೆಗೆ ನೊರೆ ಹಚ್ಚಿಕೊಳ್ಳುವಾಗ ಅದು ಮೂಗಿನ ಹೊಳ್ಳೆಗೋ ಕಿವಿಯ ಹಾಲೆಗೋ ಮೆತ್ತಿಕೊಂಡರೆ ಹೆಚ್ಚಿನವರು ಬೈದುಕೊಳ್ಳುವುದು ತಮ್ಮ ಕೈಯನ್ನು. ಪಾಪ, ಕೈ ನಿರಪರಾಧಿ. ತಪ್ಪು ಬ್ರಷ್ಷಿನ ಗಾತ್ರದ್ದು. ಬ್ಲೇಡು ಕೊಳ್ಳುವಾಗ ನಾಲ್ಕು ಕಂಪೆನಿಗಳನ್ನು ಅಳೆದು ತೂಗುವವರು ಬ್ರಷ್ಷಿನ ಸರದಿ ಬಂದಾಗ ಅಂಗಡಿಯವನು ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬರುತ್ತಾರೆ. ಅಥವಾ, ಹೇಗೂ ಕಾಸು ಕೊಡುತ್ತೇವೆ, ದೊಡ್ಡದೇ ಇರಲಿ ಎನ್ನುತ್ತಾರೆ. ಎಡವಟ್ಟಾಗುವುದು ಅಲ್ಲೇ.

1949ರಲ್ಲಿ ಅಮೆರಿಕದ ಮಾರುಕಟ್ಟೆಗೆ 'ರೈಸ್' ಎಂಬ ಡಬ್ಬಿ ನೊರೆ ಬಂದಾಗ ಬ್ರಷ್ಷಿನ ಕಾಲ ಮುಗಿಯಿತೆಂದೇ ಅನ್ನಿಸಿರಬೇಕು. ಗುಂಡಿ ಒತ್ತಿದರೆ ನೊರೆ ಸಿದ್ಧ. ಆದರೂ ಬ್ರಷ್ಷು ಉಳಿದುಕೊಂಡಿತು. ಗಡ್ಡದ ಕೂದಲು ಒಣಗಿದ್ದಾಗ ಗಡುಸು, ನೀರು ಹೀರಿದಾಗ ಮೆದು. ಅದು ಮೆದುವಾಗಲು ಕೆಲವು ನಿಮಿಷಗಳಾದರೂ ಬೇಕು. ಬ್ರಷ್ಷು ನೀರನ್ನು ಹಿಡಿದು ತಂದು ಗಡ್ಡದ ಬುಡಕ್ಕೆ ಇಳಿಸುತ್ತದೆ, ಚರ್ಮಕ್ಕೆ ಅಂಟಿ ಮಲಗಿದ ಕೂದಲನ್ನು ಎಬ್ಬಿಸಿ ನಿಲ್ಲಿಸುತ್ತದೆ. ಡಬ್ಬಿಯ ನೊರೆ ಮೇಲೆ ಕುಳಿತಿರುತ್ತದೆ, ಅಷ್ಟೆ.

ಗಾತ್ರ ಎಂದರೆ ಒಂದೇ ಅಳತೆಯಲ್ಲ, ಎರಡು. ಕೂದಲಿನ ಕಟ್ಟು ಹಿಡಿಯೊಳಕ್ಕೆ ಸೇರುವ ಜಾಗದಲ್ಲಿ ಅದರ ಅಡ್ಡಗಲ ಎಷ್ಟು ಎಂಬುದು ಮೊದಲನೆಯದು. ಅಲ್ಲಿಂದ ತುದಿಯವರೆಗೆ ಕೂದಲು ಎಷ್ಟು ಎತ್ತರವಿದೆ ಎಂಬುದು ಎರಡನೆಯದು. ಅಡ್ಡಗಲ ಸಾಮಾನ್ಯವಾಗಿ 18ರಿಂದ 30 ಮಿಲಿಮೀಟರ್ ನಡುವೆ ಇರುತ್ತದೆ. ಎತ್ತರ 45ರಿಂದ 60ರ ಆಸುಪಾಸು. ಪೆಟ್ಟಿಗೆಯ ಮೇಲಿನ ಸಂಖ್ಯೆ ನೋಡಿ ಮೋಸಹೋಗಬಾರದು. 1777ರಲ್ಲಿ ಶುರುವಾದ ಇಂಗ್ಲೆಂಡಿನ ಕೆಂಟ್ ಸಂಸ್ಥೆ ತನ್ನ ಬ್ರಷ್ಷುಗಳನ್ನು ಬಿಕೆ 4, ಬಿಕೆ 8 ಎಂದು ಕರೆಯುತ್ತದೆ. ಸಂಖ್ಯೆ ಏರಿದಂತೆ ಬ್ರಷ್ಷು ದೊಡ್ಡದಾಗುತ್ತದೆ ನಿಜ, ಆದರೆ ಆ ಸಂಖ್ಯೆ ಮಿಲಿಮೀಟರ್ ಅಲ್ಲ.

20ಕ್ಕೂ 26ಕ್ಕೂ ಇರುವ ಅಂತರ ಆರೇ ಮಿಲಿಮೀಟರ್, ಅಕ್ಕಿಕಾಳಿನಷ್ಟು. ಆದರೆ ಕೂದಲು ತುಂಬುವುದು ವೃತ್ತದ ಕ್ಷೇತ್ರವನ್ನು. ಶಾಲೆಯಲ್ಲಿ ಕಲಿತ ಲೆಕ್ಕ ಹಾಕಿದರೆ 26ರ ಕಟ್ಟಿನಲ್ಲಿ 20ರದ್ದಕ್ಕಿಂತ ಸುಮಾರು ಶೇ 69ರಷ್ಟು ಹೆಚ್ಚು ಕೂದಲು ಹಿಡಿಯುತ್ತದೆ. ಅದಕ್ಕೆ ತಕ್ಕಂತೆ ನೀರೂ ಸೋಪೂ ಹೆಚ್ಚು ಬೇಕು. ನೊರೆ ಬಹುಪಾಲು ಬ್ರಷ್ಷಿನ ಹೊಟ್ಟೆಯಲ್ಲೇ ಉಳಿದು ಕೊನೆಗೆ ನಲ್ಲಿಯ ಕೆಳಗೆ ತೊಳೆದುಹೋಗುತ್ತದೆ. ಕ್ರೀಮಿನ ಟ್ಯೂಬು ಬೇಗ ಖಾಲಿಯಾಗುತ್ತಿದೆ ಎಂದು ದೂರುವವರು ಒಮ್ಮೆ ಬ್ರಷ್ಷಿನ ಬುಡ ಅಳೆದು ನೋಡುವುದು ಒಳ್ಳೆಯದು.

ಎತ್ತರದ ಲೆಕ್ಕ ಇನ್ನೂ ಸೂಕ್ಷ್ಮ. ಒಂದು ತುದಿ ಹಿಡಿದಿಟ್ಟ ಕಡ್ಡಿ ಎಷ್ಟು ಬಾಗುತ್ತದೆ ಎಂಬುದು ಅದರ ಉದ್ದದ ಘನವನ್ನು ಅವಲಂಬಿಸಿದೆ. ಕೂದಲಿನ ಉದ್ದ ಶೇ 10ರಷ್ಟು ಹೆಚ್ಚಿದರೆ ಅದೇ ಒತ್ತಡಕ್ಕೆ ಅದು ಶೇ 33ರಷ್ಟು ಹೆಚ್ಚು ಬಾಗುತ್ತದೆ. ಹಾಗಾಗಿ ಗಿಡ್ಡನೆಯ ದಪ್ಪ ಬ್ರಷ್ಷು ಕೆನ್ನೆಗೆ ಪೊರಕೆಯಂತೆ ತಾಗುತ್ತದೆ. ಎತ್ತರದ ತೆಳು ಬ್ರಷ್ಷು ಒದ್ದೆಯಾದ ಕೂಡಲೇ ಜೋತು ಬೀಳುತ್ತದೆ. ಅಡ್ಡಗಲವು ಎತ್ತರದ ಅರ್ಧಕ್ಕೆ ಹತ್ತಿರವಿದ್ದರೆ ಹದ ಸಿಗುತ್ತದೆ: 24ಕ್ಕೆ 50, 22ಕ್ಕೆ 46 ಅಥವಾ 48.

ಇಷ್ಟಾದ ಮೇಲೆ ಮುಖದ ಮಾತು. ನೊರೆಯನ್ನು ನೇರ ಕೆನ್ನೆಯ ಮೇಲೇ ಎಬ್ಬಿಸುವವರಿಗೆ 20ರಿಂದ 24 ಸಾಕು. ಮೀಸೆ ಬಿಟ್ಟವರು, ಗಡ್ಡದ ಅಂಚು ತಿದ್ದುವವರು 20ನ್ನೇ ಇಟ್ಟುಕೊಳ್ಳುವುದು ಕ್ಷೇಮ. ಮೂಗಿನ ಕೆಳಗಿನ ಆ ಕಿರಿದಾದ ಜಾಗಕ್ಕೆ 28ರ ಬ್ರಷ್ಷು ಇಳಿಸುವುದೆಂದರೆ ಕಡೆಗೋಲಿನಿಂದ ಲೋಟದ ಮಜ್ಜಿಗೆ ಕಡೆದಂತೆ. ಬಟ್ಟಲಿನಲ್ಲಿ ನೊರೆ ಮಾಡಿಕೊಳ್ಳುವವರಿಗೆ, ತಲೆಯನ್ನೂ ಬೋಳಿಸಿಕೊಳ್ಳುವವರಿಗೆ 26 ಹೊಂದೀತು. ಸೆಲೂನಿನವರ ಕೈಯಲ್ಲಿ ಸಣ್ಣ ಬ್ರಷ್ಷೇ ಕಾಣುವುದಕ್ಕೂ ಅರ್ಥವಿದೆ: ಬೇರೆಯವರ ಮುಖದ ಮೇಲೆ ಕೆಲಸ ಮಾಡುವವರಿಗೆ ನೊರೆ ಎಲ್ಲಿ ನಿಲ್ಲಬೇಕು ಎಂಬ ಹಿಡಿತವೇ ಮುಖ್ಯ.

ಕೂದಲು ಯಾವುದು ಎಂಬುದರ ಮೇಲೂ ಗಾತ್ರ ಬದಲಾಗುತ್ತದೆ. ಬಿಲ ತೋಡಿ ಬದುಕುವ ಬ್ಯಾಜರ್ ಎಂಬ ಪ್ರಾಣಿಯ ಕೂದಲು ಇಲ್ಲಿ ಹಳೆಯ ರಾಜ. ಫ್ರೆಂಚರ ಬಾಯಲ್ಲಿ 'ಬ್ಲೇರೋ' ಎಂದರೆ ಆ ಪ್ರಾಣಿಯೂ ಹೌದು, ಕ್ಷೌರದ ಬ್ರಷ್ಷೂ ಹೌದು. ಮೃದುವಾದ ಈ ಕೂದಲು ನೀರನ್ನು ಚೆನ್ನಾಗಿ ಹಿಡಿಯುವುದರಿಂದ 22 ಇದ್ದರೂ ಕೊರತೆಯಾಗದು. ಹಂದಿಯ ಕೂದಲು ಬಿರುಸು. ಮೊದಲು ಕೆಲವು ನಿಮಿಷ ನೆನೆಸಿಡಬೇಕು, ಎತ್ತರವೂ ಸ್ವಲ್ಪ ಹೆಚ್ಚೇ ಬೇಕು. ಕೆಲವು ವಾರ ಬಳಸಿದ ಮೇಲೆ ತುದಿಗಳು ಸೀಳಿ ಮೆತ್ತಗಾಗುತ್ತವೆ. ನೈಲಾನಿನಂಥ ಕೃತಕ ಎಳೆ ನೀರು ಕುಡಿಯುವುದಿಲ್ಲ, ಬೇಗ ಒಣಗುತ್ತದೆ. ಪ್ರಾಣಿಯ ಕೂದಲು ಬೇಡ ಎನ್ನುವವರಿಗೂ ಇದೇ ದಾರಿ.

ಕೂದಲಿನ ವಿಷಯ ಬರೀ ರುಚಿಯ ಪ್ರಶ್ನೆಯಲ್ಲ ಎಂಬುದನ್ನು ಜಗತ್ತು ಒಮ್ಮೆ ಪ್ರಾಣ ತೆತ್ತು ಕಲಿಯಿತು. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಭಯ. ಮುಖವಾಡ ಚರ್ಮಕ್ಕೆ ಬಿಗಿಯಾಗಿ ಕೂರಬೇಕಾದರೆ ಗಡ್ಡ ಇರಕೂಡದು. ಹೀಗಾಗಿ ಸೈನಿಕರಿಗೆ ನಿತ್ಯ ಕ್ಷೌರ ಅನಿವಾರ್ಯವಾಯಿತು, ಬ್ರಷ್ಷುಗಳಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬ್ಯಾಜರ್ ಕೂದಲು ಸಿಗದೆ, ಕುದುರೆಯ ಕೂದಲಿಗೆ ಬಣ್ಣ ಕಟ್ಟಿ ಬ್ಯಾಜರಿನಂತೆ ಕಾಣಿಸುವ ಬ್ರಷ್ಷುಗಳು ಹೊರಬಂದವು. ಯುದ್ಧಕ್ಕೆ ಮುಂಚೆ ಪೂರ್ವದೇಶಗಳ ಕೂದಲು ಯೂರೋಪಿನಲ್ಲಿ ಶುದ್ಧಿಯಾಗಿ ಮುಂದಕ್ಕೆ ಹೋಗುತ್ತಿತ್ತು. ಯುದ್ಧ ಆ ದಾರಿಯನ್ನು ಮುಚ್ಚಿತು. ಶುದ್ಧಿಯಾಗದ ಕೂದಲಿನ ಜೊತೆ ಬಂದದ್ದು ಆಂಥ್ರಾಕ್ಸ್, ನಮ್ಮ ರೈತರು ದನಕರುಗಳಲ್ಲಿ ಕಂಡು ಹೆದರುವ ನೆರಡಿ ರೋಗ. ಬ್ಲೇಡಿನಿಂದಾದ ಸಣ್ಣ ಗಾಯವೇ ಅದಕ್ಕೆ ಬಾಗಿಲು. 1915ರಿಂದ 1924ರವರೆಗೆ ಬ್ರಿಟನ್ ಮತ್ತು ಅಮೆರಿಕದ ಸೈನಿಕರು ಹಾಗೂ ನಾಗರಿಕರಲ್ಲಿ ಹೀಗೆ ಬ್ರಷ್ಷಿನಿಂದ ರೋಗ ತಗುಲಿದ 200ಕ್ಕೂ ಹೆಚ್ಚು ಪ್ರಕರಣಗಳನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಪತ್ರಿಕೆ 2017ರಲ್ಲಿ ಒಟ್ಟುಗೂಡಿಸಿತು. 1920ರಲ್ಲಿ ಬ್ರಿಟನ್ ಜಪಾನಿನ ಕ್ಷೌರದ ಬ್ರಷ್ಷುಗಳ ಆಮದನ್ನೇ ನಿಷೇಧಿಸಿತು. ಕೊಂಡವನ ಕಣ್ಣಿಗೆ ಬಿದ್ದದ್ದು ಬಣ್ಣ ಮತ್ತು ಗಾತ್ರ ಮಾತ್ರ. ಒಳಗಿದ್ದ ರೋಗಾಣು ಯಾರ ಕಣ್ಣಿಗೆ ಬಿದ್ದೀತು?

ಇಂದು ಶುದ್ಧಿಗೊಳಿಸಿದ ಕೂದಲೇ ಬಳಕೆಯಲ್ಲಿರುವುದರಿಂದ ಆ ಭಯ ಹಿಂದೆ ಸರಿದಿದೆ. ಆದರೆ ಬೂಷ್ಟಿನ ಕಾಟ ತಪ್ಪಿದ್ದಲ್ಲ, ಅದಕ್ಕೂ ಗಾತ್ರಕ್ಕೂ ನೇರ ಸಂಬಂಧವಿದೆ. ಕಟ್ಟು ದಪ್ಪವಾದಷ್ಟೂ ಬುಡದ ತೇವ ಆರುವುದು ತಡ. ಜುಲೈ ತಿಂಗಳ ಆಗುಂಬೆಯಲ್ಲೋ ಕುಂದಾಪುರದಲ್ಲೋ ಹೊರಗೆ ಹಾಕಿದ ಪಂಚೆಯೇ ಎರಡು ದಿನ ಒಣಗದಿರುವಾಗ 28ರ ಬ್ರಷ್ಷು ಮಾರನೆಯ ಬೆಳಿಗ್ಗೆಗೆ ಒಣಗುವುದು ಕನಸಿನ ಮಾತು. ಅಂಥ ಕಡೆ 22ರ ಕೃತಕ ಎಳೆಯದೇ ಜಾಣತನದ ಆಯ್ಕೆ. ಇತ್ತ ಕೋಲಾರದಂಥ ಕಡೆಯ ಕೊಳವೆಬಾವಿ ನೀರಿನ ಕಥೆ ಬೇರೆ. ಗಡಸು ನೀರಿನಲ್ಲಿ ಸೋಪು ನೊರೆಯಾಗದೆ ಕಲ್ಮಷವಾಗಿ ಒಡೆಯುತ್ತದೆ. ಅದಕ್ಕೆ ದೊಡ್ಡ ಬ್ರಷ್ಷು ಮದ್ದಲ್ಲ. ಸೋಪು ಹೆಚ್ಚು ಹಾಕಬೇಕು, ಇಲ್ಲವೇ ಒಂದು ಲೋಟ ಮಳೆನೀರು ಹಿಡಿದಿಟ್ಟುಕೊಳ್ಳಬೇಕು.

ಮನೆಯಲ್ಲಿರುವ ಬ್ರಷ್ಷು ಎಷ್ಟರದ್ದು ಎಂದು ತಿಳಿಯಲು ವಿಶೇಷ ಉಪಕರಣವೇನೂ ಬೇಡ. ಹೂ ಕಟ್ಟುವ ದಾರವನ್ನು ಕೂದಲಿನ ಬುಡಕ್ಕೆ, ಹಿಡಿಗೆ ತಾಗುವಂತೆ, ಒಂದು ಸುತ್ತು ಸುತ್ತಿ ಸ್ಕೇಲಿನ ಮೇಲೆ ಅಳೆದರಾಯಿತು. ದಾರ 63 ಮಿಲಿಮೀಟರ್ ಬಂದರೆ 20ರ ಬ್ರಷ್ಷು, 69 ಬಂದರೆ 22, 75 ಬಂದರೆ 24. 88 ದಾಟಿದರೆ ನೊರೆ ಮೂಗಿಗೇಕೆ ಹೋಗುತ್ತಿತ್ತು ಎಂಬುದಕ್ಕೆ ಉತ್ತರ ದಾರದಲ್ಲೇ ಸಿಕ್ಕಿತು.