ಸೂರ್ಯನ ಒಡಲು, ಚಿನ್ನದ ಗಣಿಯ ಆಳ

ಬೆಂಗಳೂರು ಬಳಿಯ ಚಿಕ್ಕಜಾಲದ ಹಳೇ ಕೋಟೆ ನಿಂತಿರುವ ಸೀಮೆಯ ನೆಲದಡಿಯ ಬಂಡೆಯೂ ನಗರದೊಳಗಿನ ಲಾಲ್‌ಬಾಗ್ ಬಂಡೆಯೂ ಒಂದೇ ಜಾತಿಯವು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಕಲ್ಲಿಗೇ ಇಷ್ಟು ವಯಸ್ಸಾಗಿದ್ದರೆ, ಸೂರ್ಯ ಅಷ್ಟು ಕಾಲವೂ ಉರಿಯುತ್ತಲೇ ಇದ್ದಿರಬೇಕು. ಅದಕ್ಕೆ ಉರುವಲು ಎಲ್ಲಿಂದ ಬಂತು?

ಕಲ್ಲಿದ್ದಲಿನ ಉಂಡೆಯಾಗಿದ್ದರೆ ಸೂರ್ಯ ಕೆಲವೇ ಸಾವಿರ ವರ್ಷಗಳಲ್ಲಿ ಮುಗಿದುಹೋಗುತ್ತಿದ್ದ. ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಕಾಯುತ್ತಿದ್ದಾನೆ ಎಂದು 19ನೇ ಶತಮಾನದಲ್ಲಿ ಲಾರ್ಡ್ ಕೆಲ್ವಿನ್ ವಾದಿಸಿದರು. ಆ ಲೆಕ್ಕವೂ ಕೆಲವು ಕೋಟಿ ವರ್ಷಗಳಾಚೆ ಹೋಗಲಿಲ್ಲ.

ಆದರೆ ನಕ್ಷತ್ರದ ಹುಟ್ಟಿಗೆ ಕುಗ್ಗುವಿಕೆಯೇ ಮೂಲ. ಮಹಾವ್ಯಾಧ ನಕ್ಷತ್ರಪುಂಜದ ಖಡ್ಗದಲ್ಲಿ ಮಸುಕಾಗಿ ಕಾಣುವ, ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆಯಲ್ಲಿ ಈಗಲೂ ಅದು ನಡೆದಿದೆ. ಸೊನ್ನೆಗಿಂತ ಸುಮಾರು 260 ಡಿಗ್ರಿ ಕೆಳಗೆ ತಣ್ಣಗಿರುವ ಹೈಡ್ರೋಜನ್ ಮೋಡ ತನ್ನದೇ ಗುರುತ್ವಕ್ಕೆ ಒಳಕ್ಕೆ ಕುಸಿಯುತ್ತದೆ, ಕುಸಿದಷ್ಟೂ ಕಾಯುತ್ತದೆ. ನಟ್ಟನಡುವೆ ಶಾಖ ಒಂದು ಕೋಟಿ ಡಿಗ್ರಿ ಮುಟ್ಟಿದಾಗ ಹೈಡ್ರೋಜನ್ನಿನ ಪ್ರೋಟಾನುಗಳು ಬೆಸೆದುಕೊಳ್ಳತೊಡಗುತ್ತವೆ. ಇದೇ ಬೈಜಿಕ ಸಮ್ಮಿಲನ. ಅದರಿಂದ ಹೊಮ್ಮುವ ಶಕ್ತಿ ಒಳಗಿನ ಒತ್ತಡವನ್ನು ಕಾಯ್ದು ಕುಸಿತವನ್ನು ತಡೆದಾಗ ನಕ್ಷತ್ರ ನೆಲೆಗೊಳ್ಳುತ್ತದೆ.

ಇದು ತಿಳಿದದ್ದು ಬಿಡಿಬಿಡಿಯಾಗಿ. 1920ರಲ್ಲಿ ಮೇಘನಾದ ಸಾಹಾ ನಕ್ಷತ್ರಗಳ ಬೆಳಕನ್ನು ಅರ್ಥೈಸುವ ಸೂತ್ರ ಕೊಟ್ಟರು. ಅದನ್ನೇ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಮಾಡಿದ ಲೆಕ್ಕದಲ್ಲಿ ನಕ್ಷತ್ರಗಳ ತುಂಬ ಹೈಡ್ರೋಜನ್ನೇ ಕಂಡಿತು. ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆದಾಗ ತೂಕ ಶೇ 0.7ರಷ್ಟು ಕಡಿಮೆಯಾಗುತ್ತದೆ, ಆ ಕೊರತೆಯೇ ಬೆಳಕಾಗುತ್ತದೆ ಎಂದು ಆರ್ಥರ್ ಎಡಿಂಗ್ಟನ್ 1920ರಲ್ಲೇ ಊಹಿಸಿದ್ದರು. ಬೆಸುಗೆಯ ಹಂತಗಳನ್ನು 1938–39ರಲ್ಲಿ ಹ್ಯಾನ್ಸ್ ಬೆಥೆ ಬಿಡಿಸಿಟ್ಟರು. ಸೂರ್ಯನಲ್ಲಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಗೆ ಬೆಸೆಯುತ್ತದೆ. ಆದರೂ ಪ್ರೋಟಾನೊಂದು ಮತ್ತೊಂದರ ಜೊತೆ ಕೂಡಲು ಸರಾಸರಿ ನೂರಾರು ಕೋಟಿ ವರ್ಷ ಕಾಯಬೇಕು. ಈ ನಿಧಾನವೇ ಸೂರ್ಯನನ್ನು 460 ಕೋಟಿ ವರ್ಷ ಬಾಳಿಸಿದೆ. ಭೂಮಿಯಲ್ಲಿ ಜೀವ ಅರಳಲು ಸಮಯ ಕೊಟ್ಟಿದೆ.

ಲೆಕ್ಕವೇನೋ ಕೂಡಿಬಂತು, ಸಾಕ್ಷಿ ಬೇಕಿತ್ತು. ಸೂರ್ಯನ ಗರ್ಭದ ಬೆಳಕು ತಡವರಿಸುತ್ತಾ ಹೊರಗೆ ಬರಲು ಸಾವಿರಾರು ವರ್ಷ ಹಿಡಿಯುತ್ತದೆ. ಬೆಸುಗೆಯಲ್ಲೇ ಹುಟ್ಟುವ ನ್ಯೂಟ್ರಿನೊಗಳು ಮಾತ್ರ ನೆಟ್ಟಗೆ ಬರುತ್ತವೆ. ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸೆಕೆಂಡಿಗೆ ಸುಮಾರು 6,000 ಕೋಟಿ ನ್ಯೂಟ್ರಿನೊ ಹಾದುಹೋಗುತ್ತವೆ, ಯಾವುದನ್ನೂ ಮುಟ್ಟದೆ. ಅವನ್ನು ಹಿಡಿಯಲು ವಿಶ್ವಕಿರಣಗಳ ಗದ್ದಲ ತಲುಪದ ಪಾತಾಳವೇ ಬೇಕು.

ಅಂಥ ಪಾತಾಳ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿತ್ತು. ಹೋಮಿ ಭಾಭಾ ಸೂಚನೆಯಂತೆ ಮೈಸೂರು ಸೀಮೆಯ ಬಿ.ವಿ. ಶ್ರೀಕಂಠನ್ 1951ರಲ್ಲೇ ಕೆಜಿಎಫ್ ಗಣಿಗಿಳಿದು ವಿಶ್ವಕಿರಣಗಳನ್ನು ಅಳೆಯತೊಡಗಿದ್ದರು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೊಮೀಟರಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಒಸಾಕಾ ಸಿಟಿ, ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಹಿಡಿಯಿತು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲೂ ಅವು ಸಿಕ್ಕವು. ಜಗತ್ತು ಅಂಥವನ್ನು ಕಂಡದ್ದು ಅದೇ ಮೊದಲು.

ಸೂರ್ಯನದೇ ನ್ಯೂಟ್ರಿನೊಗಳನ್ನು ಹಿಡಿದವರು ಅಮೆರಿಕದ ಹೋಮ್‌ಸ್ಟೇಕ್ ಗಣಿಯಲ್ಲಿ ದುಡಿದ ರೇಮಂಡ್ ಡೇವಿಸ್. ಅದೂ ಚಿನ್ನದ ಗಣಿಯೇ. ಸಿಕ್ಕಿದ್ದು ನಿರೀಕ್ಷೆಯ ಮೂರನೇ ಒಂದು ಪಾಲು. ಉಳಿದವು ದಾರಿಯಲ್ಲೇ ರೂಪ ಬದಲಿಸಿದ್ದವೆಂದು 2001–02ರಲ್ಲಿ ಕೆನಡಾದ ಸಡ್ಬರಿ ಪ್ರಯೋಗ ತೋರಿಸಿತು. ಎಲ್ಲವನ್ನೂ ಕೂಡಿದಾಗ ಸಮ್ಮಿಲನದ ಲೆಕ್ಕ ಸರಿಹೊಂದಿತು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಆಳ ವಿಜ್ಞಾನಿಗಳು ತೋಡಿದ್ದಲ್ಲ. ತಲೆಮಾರುಗಟ್ಟಲೆ ಬಿಸಿಲು ಕಾಣದೆ, ಬಂಡೆ ಸಿಡಿತಕ್ಕೆ ಜೀವ ಒಡ್ಡಿ ಕಾರ್ಮಿಕರು ಕೊರೆದದ್ದು. ಸೂರ್ಯನ ಉರುವಲಿನ ಶೋಧದ ಕಥೆ ಹೇಳುವಾಗ ಸಾಹಾ, ಶ್ರೀಕಂಠನ್ ಅವರ ಸಾಲಿನಲ್ಲೇ ಆ ಕಾರ್ಮಿಕರನ್ನೂ ನೆನೆಯಬೇಕು.