ನಿಮಗಿದು ಗೊತ್ತೆ? ಕಳೆಯ ಔಷಧಿಗೆ ಮುದುರುವ ಹೊಗೆಸೊಪ್ಪು
ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಪಕ್ಕದಲ್ಲೇ ಮುಸುಕಿನ ಜೋಳ ಬೆಳೆಯುವುದುಂಟು. ಜೋಳದ ಕಳೆಗೆ ಹೊಡೆಯುವ 2,4-ಡಿ, ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ಹೊಗೆಸೊಪ್ಪೂ ಅಗಲ ಎಲೆಯದೇ ತಾನೆ! ಗಾಳಿಯಲ್ಲಿ ತೇಲಿಬಂದ ತುಂತುರು ಸಾಕು, ಚಿಗುರೆಲೆ ಕಿರಿದಾಗಿ ಮುದುರಿಕೊಳ್ಳುತ್ತದೆ. ಈ ರಾಸಾಯನಿಕ ಸಸ್ಯದ ಬೆಳವಣಿಗೆಯ ಹಾರ್ಮೋನು ಆಕ್ಸಿನ್‌ನ ವೇಷ ಹಾಕುವುದೇ ಕಾರಣ. ವೈರಸ್ ರೋಗವೆಂದು ಬೇಸ್ತುಬೀಳುವವರೂ ಇದ್ದಾರೆ. 2,4-ಡಿಯ ಎಸ್ಟರ್ ರೂಪ ಆವಿಯಾಗಿಯೂ ಹರಡುತ್ತದೆ. ಅಮೈನ್ ಲವಣ ಅಷ್ಟು ಹಾರದು. ಗಾಳಿ ಬೀಸುವಾಗ ಸಿಂಪಡಿಸಬಾರದೆಂಬುದು ಗೊತ್ತಿದ್ದದ್ದೇ. ಮರೆತುಹೋಗುವುದು ಸ್ಪ್ರೇ ಟ್ಯಾಂಕು: ಬರೀ ನೀರಲ್ಲಿ ತೊಳೆದರೆ ಪೈಪು, ವಾಷರ್‌ಗಳಲ್ಲಿ ಅಂಶ ಉಳಿದು, ಮುಂದಿನ ಸಲ ಕೀಟನಾಶಕದ ಜೊತೆ ಹೊಗೆಸೊಪ್ಪಿಗೇ ಬೀಳಬಹುದು. ಕಳೆನಾಶಕಕ್ಕೆ ಬೇರೆಯೇ ಟ್ಯಾಂಕು ಇಟ್ಟುಕೊಂಡವರಿಗೆ ಈ ಪೇಚಿಲ್ಲ.